ಕಲ್ಲು ತೇದ ಕಣಿವೆ

ಶಿಲಾಗೋಳದ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ ಎರಡು ಚಿತ್ರ ಬರೆಯುತ್ತಿದ್ದೆ. ಎಡಕ್ಕೆ ನದಿ ಕೊರೆದ ಕಣಿವೆ, ಇಂಗ್ಲಿಷಿನ ‘ವಿ’ ಅಕ್ಷರದಂತೆ. ಬಲಕ್ಕೆ ಹಿಮನದಿ ಕೊರೆದ ಕಣಿವೆ, ‘ಯು’ ಅಕ್ಷರದಂತೆ. ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಈ ಎರಡು ಗೆರೆಗಳನ್ನು ಎಳೆದಿದ್ದೇನೆ. ಎಡಗಡೆಯ ಚಿತ್ರಕ್ಕೆ ಸಾಕ್ಷಿ ನಮ್ಮಲ್ಲೇ ಇತ್ತು. ಮಕ್ಕಳನ್ನು ಪ್ರವಾಸಕ್ಕೆಂದು ಮಾರಿಕಣಿವೆಗೆ ಕರೆದುಕೊಂಡು ಹೋಗಿ, ವೇದಾವತಿ ಗುಡ್ಡಗಳ ನಡುವೆ ಇಕ್ಕಟ್ಟಾದ ದಾರಿ ಕೊರೆದುಕೊಂಡಿರುವುದನ್ನು ತೋರಿಸುತ್ತಿದ್ದೆ. ಆ ಸಂದು ಅಷ್ಟು ಕಿರಿದಾಗಿರುವುದರಿಂದಲೇ 1898ರಲ್ಲಿ ಅಲ್ಲಿ ಅಣೆಕಟ್ಟೆಯ ಕೆಲಸ ಹಿಡಿದು 1907ಕ್ಕೆ ಮುಗಿಸಿದರು. (ಆ ಜಲಾಶಯ 1933ರಲ್ಲಿ ತುಂಬಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನ ನೀರು ನೋಡಲು ಹೋದವರಲ್ಲಿ ನಾನೂ ಒಬ್ಬ.) ಬಲಗಡೆಯ ಚಿತ್ರಕ್ಕೆ ಮಾತ್ರ ನನ್ನ ಬಳಿ ಯಾವ ಸಾಕ್ಷಿಯೂ ಇರಲಿಲ್ಲ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಐಸನ್ನು ಬಾಯಲ್ಲಿ ಇಟ್ಟುಕೊಂಡರೆ ಕರಗುತ್ತದೆ, ಕೆಳಗೆ ಬಿದ್ದರೆ ಒಡೆಯುತ್ತದೆ. ಅದು ಬಂಡೆಯನ್ನು ಹೇಗೆ ಕೊರೆಯುತ್ತದೆ?” ಹಿಮದ ಭಾರದಿಂದ ಎಂದು ಹೇಳಿದೆ. ಕೂತಳು, ಆದರೆ ಒಪ್ಪಿದ ಮುಖ ಅದಾಗಿರಲಿಲ್ಲ. ಬರೀ ಭಾರ ಹೇರಿದರೆ ಕಲ್ಲು ಸವೆಯುವುದಿಲ್ಲ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ನಾನು ಕಲ್ಲುಕುಟಿಗನ ಮಗ.

ಅಪ್ಪ ಒರಳು, ಬೀಸುವ ಕಲ್ಲು, ಚಪ್ಪಡಿ, ಹೊಸ್ತಿಲ ಕಲ್ಲು ಮಾಡುತ್ತಿದ್ದ. ಅವನ ಕೆಲಸದಲ್ಲಿ ಎರಡು ಬಗೆ. ಮೊದಲನೆಯದು ಸೀಳುವುದು. ಬಂಡೆಯ ಎಳೆ ಯಾವ ಕಡೆಗೆ ಓಡಿದೆ ಎಂದು ಅಂಗೈಯಿಂದ ಸವರಿ ನೋಡುತ್ತಿದ್ದ. ಆ ಗೆರೆಯ ಮೇಲೆ ಗೇಣಿಗೊಂದರಂತೆ ಉಳಿಯಿಂದ ಗುಳಿ ತೋಡಿ, ಒಂದೊಂದು ಗುಳಿಗೂ ಕಬ್ಬಿಣದ ಬೆಣೆ ಇಳಿಸುತ್ತಿದ್ದ. ಆಮೇಲೆ ಈ ತುದಿಯಿಂದ ಆ ತುದಿಗೆ ಸರದಿಯ ಮೇಲೆ ಹೊಡೆಯುತ್ತ ಹೋಗುವುದು. ಬಲ ಬೇಕಿಲ್ಲ, ತಾಳ್ಮೆ ಬೇಕು. ಬೆಣೆಯ ಸದ್ದು ಠಣ್ ಎನ್ನುವುದನ್ನು ಬಿಟ್ಟು ಮಂದವಾದ ಕೂಡಲೇ “ಬಿಟ್ಟಿತು” ಎನ್ನುತ್ತಿದ್ದ. ಬಂಡೆ ಹೊರಗಿನಿಂದ ಇಡಿಯಾಗಿಯೇ ಕಾಣುತ್ತಿತ್ತು, ಒಳಗೆ ಬಿಟ್ಟಿರುತ್ತಿತ್ತು. ದುರ್ಗದ ಕೋಟೆಯ ಬಂಡೆಗಳ ಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಗುಳಿಗಳಿವೆಯಲ್ಲ, ಅವು ಇದೇ ಕೆಲಸದ ಗುರುತುಗಳು.

ಎರಡನೆಯದು ತೇಯುವುದು. ಬೀಸುವ ಕಲ್ಲಿನ ಎರಡು ಹೋಳುಗಳ ನಡುವೆ ಮರಳು, ನೀರು ಹಾಕಿ ತಿರುಗಿಸಿ ತಿರುಗಿಸಿ ಅವುಗಳ ಮುಖ ಒಂದಕ್ಕೊಂದು ಕೂಡುವಂತೆ ಮಾಡುತ್ತಿದ್ದ. ಹೊಸ ಒರಳು ಮನೆಗೆ ಬಂದರೆ ಅವ್ವ ಮೊದಲ ದಿನ ಹೊಟ್ಟು ರುಬ್ಬಿ ಚೆಲ್ಲುತ್ತಿದ್ದಳು. ಆ ಹೊಟ್ಟಿನೊಳಗೆ ಬೂದು ಬಣ್ಣದ ಕಲ್ಲಿನ ಹಿಟ್ಟು ಬೆರೆತಿರುತ್ತಿತ್ತು. ಬೆರಳಿಗೆ ಹತ್ತಿದರೆ ವಿಭೂತಿಯಷ್ಟು ನುಣುಪು.

ಕಳೆದ ವರ್ಷ ಮೇ ಕೊನೆಗೆ ನಿವೃತ್ತನಾದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಿಮಾಚಲ ಪ್ರದೇಶದ ಲಾಹೌಲಿನಲ್ಲಿ ರಸ್ತೆ ಕೆಲಸದ ಎಂಜಿನಿಯರ್. “ಸಾರ್, ನೀವು ಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರದೊಳಗೇ ಕೆಲಸ ಮಾಡುತ್ತಿದ್ದೇನೆ, ಒಮ್ಮೆ ಬಂದು ನೋಡಿ” ಎಂದು ಎರಡು ವರ್ಷಗಳಿಂದ ಫೋನಿನಲ್ಲಿ ಕರೆಯುತ್ತಲೇ ಇದ್ದ. ಜೂನ್ ಕೊನೆಯ ವಾರ ದಾವಣಗೆರೆಯಲ್ಲಿ ದೆಹಲಿ ರೈಲು ಹತ್ತಿದೆ. ದೆಹಲಿಯಿಂದ ಮನಾಲಿಗೆ ರಾತ್ರಿ ಬಸ್ಸು. ಮನಾಲಿಗೆ ಅವನೇ ಜೀಪು ತಂದಿದ್ದ. 2020ರ ಅಕ್ಟೋಬರಿನಲ್ಲಿ ತೆರೆದ ಅಟಲ್ ಸುರಂಗ ಒಂಬತ್ತು ಕಿಲೋಮೀಟರಿಗಿಂತ ತುಸು ಉದ್ದ. ಈ ಕಡೆ ದೇವದಾರು ಮರಗಳ ಹಸಿರು, ಜಿಟಿಜಿಟಿ ಮಳೆ. ಆ ಕಡೆ ಬಾಯಿ ಬಿಟ್ಟರೆ ಒಣಗಾಳಿ, ಬರಿಯ ಕಲ್ಲಿನ ಗೋಡೆಗಳು, ನಡುವೆ ಚಂದ್ರಾ ನದಿ. ಬಯಲುಸೀಮೆಯವನಾದ ನನಗೆ ಆ ಒಣಗಾಳಿಯೇ ಹೆಚ್ಚು ಪರಿಚಿತವೆನಿಸಿತು.

ಸುರಂಗ ದಾಟಿದ ಕೂಡಲೇ ಜೀಪು ನಿಲ್ಲಿಸಲು ಹೇಳಿ ಇಳಿದೆ. ಕಣಿವೆಯ ತಳ ಅಗಲವಾಗಿ, ಬಹುಮಟ್ಟಿಗೆ ಸಮವಾಗಿ ಹಾಸಿತ್ತು. ಎರಡೂ ಬದಿಯ ಗೋಡೆಗಳು ತಳದಿಂದ ಬಾಗಿ ಮೇಲೆದ್ದು ಕಡಿದಾಗಿ ನಿಂತಿದ್ದವು. ನೂರಾರು ಸಲ ಸೀಮೆಸುಣ್ಣದಿಂದ ಎಳೆದ ಗೆರೆ ಅದು. ಆದರೆ ನನ್ನ ಚಿತ್ರದಲ್ಲಿ ಒಂದು ಕೊರತೆ ಇತ್ತು ಎಂಬುದು ಅಲ್ಲಿ ನಿಂತಾಗ ತಿಳಿಯಿತು. ನಾನು ಬರೆದದ್ದು ಖಾಲಿ ಪಾತ್ರೆಯನ್ನು. ಆ ಪಾತ್ರೆಯ ಕಂಠದವರೆಗೂ ಹಿಮ ತುಂಬಿತ್ತು ಎಂಬುದನ್ನು ನಾನು ಯಾವತ್ತೂ ಬರೆದಿರಲಿಲ್ಲ. ಕಳೆದ ಹಿಮಯುಗದ ಕೊನೆಯ ಘಟ್ಟದಲ್ಲಿ, ಹದಿನೈದು ಸಾವಿರ ವರ್ಷಗಳ ಆಸುಪಾಸಿನಲ್ಲಿ, ಈ ಕಣಿವೆಯುದ್ದಕ್ಕೂ ಒಂದೇ ಹಿಮನದಿ ಹರಿಯುತ್ತಿತ್ತು. ನದಿಯ ನೀರು ಕಣಿವೆಯ ತಳದಲ್ಲಿ ಒಂದು ಎಳೆಯಂತೆ ಓಡುತ್ತದೆ, ಗರಗಸದಂತೆ ಕೆಳಮುಖವಾಗಿ ಮಾತ್ರ ಕೊರೆಯುತ್ತದೆ, ಬದಿಗಳು ಮಳೆಗೆ ಜರಿದು ಇಳಿಜಾರಾಗುತ್ತವೆ. ಅದಕ್ಕೇ ಮಾರಿಕಣಿವೆಯ ಆಕಾರ ಹಾಗೆ. ಹಿಮನದಿ ಇಡೀ ಕಣಿವೆಯನ್ನು ತುಂಬಿಕೊಂಡು ಇಳಿಯುತ್ತದೆ. ತಳಕ್ಕೂ ಎರಡು ಗೋಡೆಗಳಿಗೂ ಒಟ್ಟಿಗೆ ಮೈ ಉಜ್ಜುತ್ತದೆ. ನೀರಾದರೆ ಅಡ್ಡಬಂದ ಗುಡ್ಡದ ಮೂಲೆಗಳನ್ನು ಬಳಸಿಕೊಂಡು ಹಾವಿನಂತೆ ಹೋಗುತ್ತದೆ, ಹಿಮಕ್ಕೆ ಅಷ್ಟು ಸುಲಭವಾಗಿ ಬಳುಕಲು ಬರುವುದಿಲ್ಲ. ಮೂಲೆಗಳನ್ನು ಕತ್ತರಿಸಿಕೊಂಡೇ ಹೋಗುತ್ತದೆ.

ಸಿಸ್ಸು ಎಂಬ ಊರಿನ ಎದುರು, ನದಿಯ ಆಚೆ ಬದಿಯ ಗೋಡೆಯ ಮೇಲಿನಿಂದ ಒಂದು ಜಲಪಾತ ಬೀಳುತ್ತದೆ. ಅಲ್ಲಿ ಕಣಿವೆಗೆ ಸೇರಬೇಕಾದ ಪಕ್ಕದ ಸಣ್ಣ ಕಣಿವೆ, ಕೆಳಗೆ ಬಂದು ಸೇರದೆ ಮೇಲೆಯೇ ಬಾಯಿ ತೆರೆದು ನಿಂತುಬಿಟ್ಟಿದೆ. ಪುಸ್ತಕಗಳು ಇದನ್ನು ತೂಗು ಕಣಿವೆ ಎನ್ನುತ್ತವೆ. ದೊಡ್ಡ ಹಿಮನದಿ ಆಳಕ್ಕೆ ತೇಯುತ್ತ ಹೋಯಿತು, ಪಕ್ಕದ ಸಣ್ಣದಕ್ಕೆ ಅಷ್ಟು ದಪ್ಪವಿರಲಿಲ್ಲ, ಅದು ಹಿಂದೆ ಬಿತ್ತು. ಹಿಮ ಇರುವಷ್ಟು ಕಾಲ ಎರಡರ ಮೇಲ್ಮೈಯೂ ಒಂದೇ ಮಟ್ಟದಲ್ಲಿ ಕೂಡಿಕೊಂಡಿದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತಿರಲಿಲ್ಲ. ಹಿಮ ಕರಗಿದ ಮೇಲೆ ಬಯಲಾಯಿತು. ನಾನು ಈ ಪದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಎದುರಿಗೆ ನೀರು ಬೀಳುವುದನ್ನು ನೋಡುತ್ತ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಸುಮ್ಮನೆ ಕೂತೆ.

ಆ ಸಂಜೆ ಚಂದ್ರಾ ನದಿಯ ದಡಕ್ಕೆ ಇಳಿದು ಸ್ಟೀಲ್ ಲೋಟದಲ್ಲಿ ನೀರು ತುಂಬಿಕೊಂಡೆ. ಸಿಮೆಂಟು ಕಲಸಿದ ಬಕೆಟ್ಟು ತೊಳೆದಂಥ ಬಣ್ಣ. ರಾತ್ರಿ ಕೋಣೆಯ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ತೆಳ್ಳಗೆ ಒಂದು ಪದರ ಕೂತಿತ್ತು, ಮೇಲಿನ ನೀರು ಇನ್ನೂ ಹಾಲು ಬೆರೆಸಿದಂತೆಯೇ ಇತ್ತು. ಅಷ್ಟು ಸಣ್ಣ ಪುಡಿ ಒಂದು ರಾತ್ರಿಯಲ್ಲಿ ಕೂರುವುದಿಲ್ಲ. ತಳದ್ದನ್ನು ತೋರುಬೆರಳಿನಿಂದ ತೆಗೆದು ಹೆಬ್ಬೆರಳಿಗೆ ಉಜ್ಜಿದೆ. ಮರಳಿನ ತರಿ ಇಲ್ಲ, ಜಿಗುಟೂ ಇಲ್ಲ. ಅವ್ವ ಚೆಲ್ಲುತ್ತಿದ್ದ ಹೊಟ್ಟಿನೊಳಗಿನ ಬೂದು ಹಿಟ್ಟು ಅದು. ನನ್ನ ಕೈ ಅದನ್ನು ಕೂಡಲೇ ಗುರುತಿಸಿತು, ಕಣ್ಣು ಆಮೇಲೆ. ಮೇಲೆ ಎಲ್ಲೋ ಬೀಸುವ ಕಲ್ಲು ತಿರುಗುತ್ತಿದೆ, ಈ ಕ್ಷಣದಲ್ಲೂ ತಿರುಗುತ್ತಿದೆ ಎನ್ನಿಸಿ ಮೈ ಜುಮ್ಮೆಂದಿತು.

ಎರಡನೇ ಸಾಲಿನ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ ಆ ಲೋಟದಲ್ಲಿತ್ತು. ಹಿಮ ಮೆತ್ತಗಿನ ವಸ್ತು. ಉಗುರಿನಿಂದ ಗೀಚಬಹುದು. ಅದು ಬಂಡೆಯನ್ನು ತಾನಾಗಿ ಕೊರೆಯುವುದಿಲ್ಲ. ತನ್ನ ಅಡಿಯಲ್ಲಿ ಕಲ್ಲುಗಳನ್ನು ಕಚ್ಚಿಕೊಂಡು, ಆ ಕಲ್ಲುಗಳಿಂದ ತೇಯುತ್ತದೆ. ಭಾರದ ಪಾತ್ರ ಇಲ್ಲಿ ಬರುತ್ತದೆ: ಇನ್ನೂರು ಮೀಟರ್ ದಪ್ಪದ ಹಿಮ ತನ್ನ ಕೆಳಗಿನ ಒಂದೊಂದು ಚದರ ಮೀಟರ್ ನೆಲವನ್ನೂ 180 ಟನ್ನಿಗಿಂತ ಹೆಚ್ಚು ಭಾರದಿಂದ ಒತ್ತುತ್ತದೆ. ಮಾಲು ತುಂಬಿದ ಹತ್ತು ಚಕ್ರದ ಲಾರಿಗಳನ್ನು ಆರೇಳು ಒಂದರ ಮೇಲೊಂದು ಪೇರಿಸಿ ನಿಲ್ಲಿಸಿದಷ್ಟು. ಆ ಒತ್ತಡದಲ್ಲಿ ಹಿಮದ ಕೆಳಪದರಗಳು ಗಟ್ಟಿಯಾಗಿದ್ದೂ ಬಾಗುತ್ತವೆ, ಹರಿಯುತ್ತವೆ. ತಳದಲ್ಲಿ ತೆಳುವಾಗಿ ನೀರು ಒಸರಿದ್ದರೆ ಇಡೀ ರಾಶಿ ಬಂಡೆಯ ಮೇಲೆ ಜಾರುತ್ತದೆ. ಆ ಕಡೆಯ ಹಿಮನದಿಗಳು ವರ್ಷಕ್ಕೆ ಹತ್ತಾರು ಮೀಟರ್ ಸರಿಯುತ್ತವೆ. ಕಚ್ಚಿಕೊಂಡ ಕಲ್ಲೂ ಅಷ್ಟೇ ದೂರ ಉಜ್ಜುತ್ತ ಸಾಗುತ್ತದೆ. ವರ್ಷಕ್ಕೆ ಒಂದೇ ಮಿಲಿಮೀಟರ್ ಸವೆದರೂ ಲಕ್ಷ ವರ್ಷಕ್ಕೆ ನೂರು ಮೀಟರ್ ಆಳವಾಗುತ್ತದೆ.

ಕಲ್ಲು ಸಿಗುವುದೆಲ್ಲಿಂದ? ಅಲ್ಲಿಗೆ ಅಪ್ಪನ ಮೊದಲ ಕೆಲಸ ಬರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ಇಳಿಯುತ್ತದೆ. ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಅದೇ ಬೆಣೆ. ಕರಗುತ್ತದೆ, ಇನ್ನಷ್ಟು ಒಳಕ್ಕಿಳಿಯುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಒಂದು ದಿನ ಬಂಡೆ ಒಳಗೊಳಗೇ ಬಿಡುತ್ತದೆ. ಹಿಮನದಿಯ ತಳ ಆ ಬಿಟ್ಟ ತುಂಡಿಗೆ ಅಂಟಿ ಹೆಪ್ಪುಗಟ್ಟಿ, ಮುಂದೆ ಸರಿಯುವಾಗ ಕಿತ್ತುಕೊಂಡು ಹೋಗುತ್ತದೆ. ಮೇಲಿನ ಗೋಡೆಗಳಿಂದ ಉದುರಿದ ಕಲ್ಲುಗಳೂ ಜೊತೆಗೆ ಸೇರುತ್ತವೆ. ಸೀಳುವುದು, ತೇಯುವುದು. ಎರಡೂ ಕೆಲಸವನ್ನು ಒಬ್ಬನೇ ಕುಶಲಕರ್ಮಿ ಮಾಡುತ್ತಾನೆ, ಅವನಿಗೆ ಉಳಿ ಸುತ್ತಿಗೆ ಬೇಕಿಲ್ಲ.

ಎರಡನೇ ದಿನ ಗ್ರಾಂಫುವಿನಿಂದ ಬಾತಲ್ ಕಡೆಗೆ ಹೊರಟೆವು. ರಸ್ತೆ ಎಂದು ಕರೆಯುವುದಕ್ಕಿಂತ ಕಲ್ಲು ಸರಿಸಿ ಮಾಡಿಕೊಂಡ ದಾರಿ ಎನ್ನಬಹುದು. ಛತ್ರು ದಾಟಿದ ಮೇಲೆ ಒಂದು ಕಡೆ, ಬಲಕ್ಕೆ, ನೆಲದಿಂದ ಎದ್ದ ಬಂಡೆಯೊಂದು ಬಿಸಿಲಿಗೆ ಹೊಳೆಯಿತು. ಮಲಗಿದ ಕುರಿಯ ಬೆನ್ನಿನಂತೆ ಒಂದು ಬದಿ ನುಣ್ಣಗೆ ಉಬ್ಬಿತ್ತು, ಇನ್ನೊಂದು ಬದಿ ಮುರಿದು ಮೆಟ್ಟಿಲು ಮೆಟ್ಟಿಲಾಗಿತ್ತು. ಹಿಮ ಹತ್ತಿ ಬಂದ ಬದಿಯನ್ನು ತೇದಿದೆ, ಇಳಿದುಹೋದ ಬದಿಯನ್ನು ಕಿತ್ತಿದೆ. ಹಾಗಾಗಿ ಬಂಡೆ ನೋಡಿದರೆ ಹಿಮ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ಹೇಳಬಹುದು. ಫ್ರೆಂಚ್ ಭಾಷೆಯಲ್ಲಿ ಇಂಥ ಬಂಡೆಗೆ ಕುರಿಯನ್ನು ನೆನಪಿಸುವ ಹೆಸರೇ ಇದೆ. ಚಳ್ಳಕೆರೆಯ ಕಡೆಯವರಿಗೆ ಅದನ್ನು ವಿವರಿಸಬೇಕಿಲ್ಲ.

ಮಂಡಿಯೂರಿ ಕೂತು ಅಪ್ಪನಂತೆ ಅಂಗೈ ಇಟ್ಟು ಸವರಿದೆ. ಉದ್ದಕ್ಕೆ ಸವರಿದರೆ ಕೈ ಜಾರಿತು, ಅಡ್ಡಕ್ಕೆ ಸವರಿದರೆ ತಡೆಯಿತು. ಕಣ್ಣು ಹತ್ತಿರ ತಂದಾಗ ಗೀರುಗಳು ಕಂಡವು. ಬಾಚಣಿಗೆ ಎಳೆದಂತೆ ಸಮಾನಾಂತರ, ಎಲ್ಲವೂ ಕಣಿವೆಯ ದಿಕ್ಕಿಗೆ. ಕೆಲವು ಕೂದಲೆಳೆಯಷ್ಟು, ಒಂದು ನನ್ನ ಕಿರುಬೆರಳು ಅರ್ಧ ಇಳಿಯುವಷ್ಟು ಆಳ. ಆ ಆಳದ ಗೀರು ಒಂದು ಮೊಳ ಹೋಗಿ ಥಟ್ಟನೆ ನಿಂತಿತ್ತು. ಅಲ್ಲಿ ಏನಾಯಿತು? ಗೀರುತ್ತಿದ್ದ ಕಲ್ಲಿನ ಮೊನೆ ಮುರಿಯಿತೋ, ಹಿಮದೊಳಗೆ ಅದು ಮಗ್ಗುಲು ಬದಲಿಸಿತೋ. ಅಪ್ಪನ ಉಳಿ ಮುರಿದಾಗ ಬಂಡೆಯ ಮೇಲೆ ಉಳಿಯುತ್ತಿದ್ದ ಗುರುತೂ ಹಾಗೆಯೇ ಇರುತ್ತಿತ್ತು. “ಸಾರ್, ಇಲ್ಲಿ ಕಲ್ಲು ಉರುಳುತ್ತದೆ, ಏಳಿ” ಎಂದು ಹುಡುಗ ಎರಡು ಸಲ ಕರೆದ ಮೇಲೆ ಎದ್ದೆ.

ಬಾತಲ್ ಹತ್ತಿರ ನದಿಯ ಆಚೆ ಬಡಾ ಶಿಗ್ರಿ ಹಿಮನದಿ ಬಂದು ಕಣಿವೆಗೆ ಸೇರುತ್ತದೆ. ಉದ್ದ ಸುಮಾರು 27 ಕಿಲೋಮೀಟರ್, ಹಿಮಾಚಲದ ಅತಿ ದೊಡ್ಡ ಹಿಮನದಿ. ಬೆಳ್ಳಗೆ ಹೊಳೆಯುವ ಹಿಮವನ್ನು ನಿರೀಕ್ಷಿಸಿ ಹೋದವನಿಗೆ ಮೊದಲು ಅದು ಹಿಮನದಿಯೆಂದೇ ಅನ್ನಿಸುವುದಿಲ್ಲ. ಕೆಳಭಾಗವೆಲ್ಲ ಕಲ್ಲು ಮಣ್ಣಿನಿಂದ ಮುಚ್ಚಿಹೋಗಿ, ಗಣಿಯ ತ್ಯಾಜ್ಯದ ಗುಡ್ಡದಂತೆ ಕಾಣುತ್ತದೆ. ಹೊತ್ತು ತಂದದ್ದನ್ನೆಲ್ಲ ಅದು ಎರಡು ಬದಿಗೂ ಬದುಗಳಂತೆ ಒಟ್ಟಿದೆ. ಇವೇ ಮೊರೇನ್‌ಗಳು. ನದಿ ತಂದ ಮೆಕ್ಕಲಿನಲ್ಲಿ ಮರಳು ಒಂದು ಕಡೆ, ಗುಂಡು ಒಂದು ಕಡೆ ಬೇರ್ಪಟ್ಟಿರುತ್ತದೆ, ಏಕೆಂದರೆ ನೀರು ಜರಡಿ ಹಿಡಿಯುತ್ತದೆ. ಹಿಮ ಜರಡಿ ಹಿಡಿಯುವುದಿಲ್ಲ. ಮನೆಯಷ್ಟು ದೊಡ್ಡ ಬಂಡೆ, ರಾಗಿಕಾಳಿನಷ್ಟು ಹರಳು, ಆ ಬೂದು ಹಿಟ್ಟು, ಎಲ್ಲವನ್ನೂ ಒಟ್ಟಿಗೆ ಸುರಿಯುತ್ತದೆ.

ಹುಡುಗ ಒಂದು ಬದುವಿನ ನೆತ್ತಿಯನ್ನು ತೋರಿಸಿ, “ಹಿಮ ಒಂದು ಕಾಲದಲ್ಲಿ ಅಲ್ಲಿಯವರೆಗೆ ಇತ್ತು ಸಾರ್” ಎಂದ. ಹಾಲು ಕಾಯಿಸಿದ ಪಾತ್ರೆಯಲ್ಲಿ ಹಾಲು ಇಳಿದ ಮೇಲೂ ಕೆನೆಯ ಗೆರೆ ಮೇಲೆ ಉಳಿಯುತ್ತದಲ್ಲ, ಹಾಗೆ. ನೆತ್ತಿಗೂ ಈಗಿನ ಹಿಮಕ್ಕೂ ನಡುವಿನ ಖಾಲಿ ಜಾಗವನ್ನು ನೋಡುವುದು ನನಗೆ ಕಷ್ಟವಾಯಿತು. ಪಕ್ಕದ ಛೋಟಾ ಶಿಗ್ರಿಯನ್ನು 2002ರಿಂದ ವಿಜ್ಞಾನಿಗಳು ವರ್ಷ ವರ್ಷವೂ ಅಳೆಯುತ್ತಿದ್ದಾರೆ, ಒಟ್ಟಾರೆ ಲೆಕ್ಕದಲ್ಲಿ ಅದು ಹಿಮ ಕಳೆದುಕೊಳ್ಳುತ್ತಲೇ ಇದೆ. ಸಿಸ್ಸುವಿನ ಮೇಲ್ಗಡೆ ಗೇಪಾಂಗ್ ಗಾಥ್ ಹಿಮನದಿಯ ಮೂತಿಯಲ್ಲಿ ಒಂದು ಕೆರೆ ಬೆಳೆಯುತ್ತಿದೆ. ಕರಗಿದ ನೀರನ್ನು ಹಿಡಿದು ನಿಲ್ಲಿಸಿರುವುದು ಅದೇ ಹಿಮನದಿ ಒಟ್ಟಿದ ಸಡಿಲ ಕಲ್ಲು ಮಣ್ಣಿನ ಕಟ್ಟೆ. ಕೆರೆಕಟ್ಟೆ ಒಡೆಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಗೊತ್ತು. ಅದರ ಕೆಳಗೆ ಬಟಾಣಿ, ಹೂಕೋಸು ಬೆಳೆಯುವ ಹೊಲಗಳಿವೆ, ಮನೆಗಳಿವೆ.

ಈ ವಿದ್ಯೆ ಜಗತ್ತಿಗೆ ತಿಳಿದದ್ದು ಹೇಗೆ ಎಂಬ ಕಥೆಯನ್ನು ಮಕ್ಕಳಿಗೆ ಹೇಳುವುದು ನನಗೆ ಬಹಳ ಇಷ್ಟವಾಗಿತ್ತು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾನ್ಯ ಕಣಿವೆಯಲ್ಲಿ ಝಾನ್ ಪಿಯರ್ ಪೆರೋಡ್ಯಾಂ ಎಂಬ ಬೇಟೆಗಾರನ ಗುಡಿಸಿಲಿನಲ್ಲಿ ಶಾರ್ಪಾಂತ್ಯೆ ಎಂಬ ಭೂವಿಜ್ಞಾನಿ ಒಂದು ರಾತ್ರಿ ತಂಗಿದ. ಮಾತಿನ ನಡುವೆ ಬೇಟೆಗಾರ, ಈ ಕಣಿವೆಯುದ್ದಕ್ಕೂ ಹಿಂದೆ ಹಿಮನದಿ ಇತ್ತು, ಅಷ್ಟು ದೊಡ್ಡ ಬಂಡೆಗಳನ್ನು ನೀರು ತಂದಿರಲು ಸಾಧ್ಯವಿಲ್ಲ ಎಂದ. ಶಾರ್ಪಾಂತ್ಯೆಗೆ ಅದು ವಿಚಾರ ಮಾಡಲೂ ಯೋಗ್ಯವಲ್ಲದ ಮಾತೆನಿಸಿತು. ಬೇಟೆಗಾರ ಅದನ್ನೇ ವೆನೆಟ್ಸ್ ಎಂಬ ಎಂಜಿನಿಯರನಿಗೂ ಹೇಳಿದ, ವೆನೆಟ್ಸ್ ಹುಡುಕಾಡಿ ಒಪ್ಪಿದ, ಕೊನೆಗೆ ಶಾರ್ಪಾಂತ್ಯೆಯನ್ನೂ ಒಪ್ಪಿಸಿದ. ಶಾರ್ಪಾಂತ್ಯೆಯಿಂದ ಕಲಿತ ಲೂಯಿ ಅಗಾಸಿ 1837ರಲ್ಲಿ ಹಿಮಯುಗದ ವಾದವನ್ನು ವಿದ್ವಾಂಸರ ಸಭೆಯ ಮುಂದಿಟ್ಟ. ಹೆಸರು ಹೆಚ್ಚಾಗಿ ಅಗಾಸಿಗೆ ಹೋಯಿತು. ನಾನು ಪರೀಕ್ಷೆಗೆ ಬಾರದಿದ್ದರೂ ಪೆರೋಡ್ಯಾಂ ಹೆಸರನ್ನು ಹಲಗೆಯ ಮೇಲೆ ಬರೆದೇ ಬರೆಯುತ್ತಿದ್ದೆ. ಕಲ್ಲಿನ ನಡುವೆ ಬದುಕಿದವನಿಗೆ ಕಲ್ಲು ಹೇಳುವುದು ಕೇಳಿಸುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಊರಿಗೆ ಬಂದ ವಾರಕ್ಕೆ ಮೊಮ್ಮಗನ ಜೊತೆ ಕೋಟೆ ಹತ್ತಿದೆ. ಒಂದರ ಮೇಲೊಂದು ಕೂತ ಗುಂಡುಗಳನ್ನು ನೋಡಿ ಅವನು ಕೇಳಿದ: “ತಾತ, ಇವನ್ನೂ ಹಿಮವೇ ತಂದಿಟ್ಟಿದ್ದಾ?” ಹಿಡಿಂಬನ ಕಾಲದಿಂದ ಈ ಬಂಡೆಗಳಿಗೆ ಬೇರೆ ಬೇರೆ ಕಥೆಗಳಿವೆ. ಆದರೆ ಇವು ಎಲ್ಲಿಂದಲೂ ಬಂದವಲ್ಲ. ಇಲ್ಲಿಯ ಗ್ರಾನೈಟಿನಲ್ಲೇ ಅಡ್ಡ ಉದ್ದ ಬಿರುಕು ಬಿಟ್ಟು, ಮಳೆನೀರು ಇಳಿದು, ಮೂಲೆಗಳು ಮೊದಲು ಕೊಳೆತು ಮಣ್ಣಾಗಿ, ಆ ಮಣ್ಣು ಕೊಚ್ಚಿಹೋಗಿ, ನಡುವಿನ ಗಟ್ಟಿ ತಿರುಳು ದುಂಡಗೆ ಉಳಿದಿದೆ. ಗುಂಡೂ ಅದರ ಕೆಳಗಿನ ಬಂಡೆಯೂ ಒಂದೇ ಜಾತಿ. ಲಾಹೌಲಿನಲ್ಲಿ ಹಾಗಲ್ಲ, ಕೂತ ಬಂಡೆ ಒಂದು ಜಾತಿ, ಕೆಳಗಿನ ನೆಲ ಇನ್ನೊಂದು ಜಾತಿ ಇರುವುದುಂಟು. “ಗುಂಡನ್ನೂ ನೆಲವನ್ನೂ ಎರಡನ್ನೂ ನೋಡಬೇಕಪ್ಪಾ” ಎಂದು ಅವನಿಗೆ ತೋರಿಸಿದೆ.

ಹಾಗಾದರೆ ನಮ್ಮ ಕಡೆ ಹಿಮ ಬಂದೇ ಇಲ್ಲವೇ? ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಸರನ್ನು ಹೊತ್ತ ಒಂದು ಕಲ್ಲಿದೆ. ನುಣ್ಣನೆಯ ಕಪ್ಪು ಕೆಸರು ಗಟ್ಟಿಯಾಗಿ ಆದ ಶಿಲೆ, ಅದರೊಳಗೆ ಅಲ್ಲಲ್ಲಿ ಬೇರೆ ಬೇರೆ ಜಾತಿಯ, ಬೇರೆ ಬೇರೆ ಗಾತ್ರದ ಕಲ್ಲುಗಳು ಹುದುಗಿವೆ. ವಯಸ್ಸು ಸುಮಾರು 270 ಕೋಟಿ ವರ್ಷ. 2014ರಲ್ಲಿ ರಿಚರ್ಡ್ ಒಜಾಕಾಂಗಸ್ ಮತ್ತು ಭಾರತದ ಕೆಲವು ಭೂವಿಜ್ಞಾನಿಗಳು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಇದು ಹಿಮ ತಂದು ಸಮುದ್ರಕ್ಕೆ ಹಾಕಿದ ರಾಶಿ ಎಂದು ವಾದಿಸಿದರು. ಕಲ್ಲುಗಳನ್ನು ಕಚ್ಚಿಕೊಂಡ ಹಿಮದ ತುಂಡುಗಳು ನೀರಿನ ಮೇಲೆ ತೇಲುತ್ತ ಕರಗುತ್ತವೆ. ಹಿಡಿತ ಸಡಿಲವಾದಾಗ ಕಲ್ಲು ನೇರ ತಳಕ್ಕೆ ಬಿದ್ದು ಮೆತ್ತನೆಯ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಕೆರೆಯಂಗಳದ ಕೆಸರಿಗೆ ಕಲ್ಲೆಸೆದಂತೆ ಕೆಳಗಿನ ಪದರ ತಗ್ಗುತ್ತದೆ, ಆಮೇಲೆ ಕೂತ ಕೆಸರು ಅದರ ಮೇಲೆ ಹೊದಿಕೆಯಂತೆ ಹರಡುತ್ತದೆ. ಅಷ್ಟು ದೊಡ್ಡ ಕಲ್ಲನ್ನು ತರುವ ವೇಗದ ನೀರಿದ್ದರೆ ಅಷ್ಟು ನುಣುಪಾದ ಕೆಸರು ಅಲ್ಲಿ ಕೂರಲು ಬಿಡುತ್ತಿರಲಿಲ್ಲ. ಎಲ್ಲ ವಿಜ್ಞಾನಿಗಳೂ ಒಂದೇ ಮಾತು ಹೇಳುವ ವಿಷಯ ಇದಲ್ಲ, ಆದರೆ ಬಾತಲ್ ನೋಡಿ ಬಂದ ನನಗೆ ಈ ವಾದ ಮನಸ್ಸಿಗೆ ಹತ್ತಿತು.

ಆಗಸ್ಟಿನಲ್ಲಿ, ಮೋಡ ಕವಿದ ಒಂದು ಬೆಳಿಗ್ಗೆ ತಾಳ್ಯದ ಕಡೆ ಹೋದೆ. ಬೇಲಿಯಾಚೆ ಮೊಣಕಾಲೆತ್ತರದ ಒಂದು ಬಂಡೆಯಲ್ಲಿ ಮುಷ್ಟಿ ಗಾತ್ರದ ಬಿಳಿ ಕಲ್ಲೊಂದು ಅರ್ಧ ಹೂತು ಕೂತಿತ್ತು. ಸುತ್ತ ಕಪ್ಪು, ನಡುವೆ ಅದೊಂದೇ ಬಿಳಿ. ಮುದ್ದೆಯೊಳಗೆ ಕಡಲೆಬೀಜ ಸಿಕ್ಕಿದಂತೆ. ಸುತ್ತಲಿನ ಕಪ್ಪನ್ನು ಉಗುರಿನಿಂದ ಕೆರೆದರೆ ತರಿಯೇ ಇಲ್ಲ. ಆ ಬೂದು ಹಿಟ್ಟಿಗೆ ಕಲ್ಲಾಗಲು ಬೇಕಾದಷ್ಟು ಕಾಲ ಸಿಕ್ಕಿದರೆ ಹೀಗೇ ಇರುತ್ತದೆ ಎಂದುಕೊಂಡೆ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು ನಿಂತರು.

“ಏನು ಕಳೆದುಕೊಂಡಿರಿ ಮೇಷ್ಟ್ರೇ?” ಎಂದರು. ನಾನು ಮೇಷ್ಟ್ರೆಂದು ಅವರಿಗೆ ಹೇಗೆ ತಿಳಿಯಿತೋ.

“ಏನೂ ಇಲ್ಲ ಯಜಮಾನರೇ. ಈ ಬಿಳಿ ಕಲ್ಲು ಎಲ್ಲಿಂದ ಬಂತು ಎಂದು ನೋಡುತ್ತಿದ್ದೇನೆ.”

ಅವರು ಬಗ್ಗಿ ನೋಡಿದರು, ಕೋಲಿನ ತುದಿಯಿಂದ ಒಮ್ಮೆ ತಟ್ಟಿದರು. “ಇದು ಚಿಕ್ಕದು. ಹಳ್ಳದ ಆಚೆ ಕುಂಬಳಕಾಯಿ ಗಾತ್ರದವು ಇವೆ, ಬನ್ನಿ” ಎಂದು ಕುರಿಗಳನ್ನು ಆ ಕಡೆಗೆ ತಿರುಗಿಸಿದರು. ಚೀಲ ಹೆಗಲಿಗೇರಿಸಿ ಅವರ ಹಿಂದೆ ಹೊರಟೆ.